ಜೋಯಿ ಒಂಟಿಯಲ್ಲ

ನಿನ್ನೆ ರಾತ್ರಿ ಅಕ್ಕನ ಮಗಳು ‘ಫ್ರೆಂಡ್ಸ್’ ನೋಡಿ ಮುಗಿಸಿದಳು. ಜೋಯಿ, ಫೀಬಿ, ರಾಸ್, ರೇಚಲ್, ಮೋನಿಕಾ, ಚಾಂಡ್ಲರ್ ಅನ್ನೋ ಆರು ಗೆಳೆಯರ ಅಮೆರಿಕನ್ ಹಾಸ್ಯ ಸರಣಿ. 10 ಸೀಸನ್, 236 ಕಂತು. ಪರೀಕ್ಷೆ ಮುಗಿದ ಮೇಲಿನ ರಜೆಯೆಲ್ಲ ಅದಕ್ಕೇ ಹೋಯಿತು. ಕೊನೆಯ ಕಂತಿಗೆ ನಾನೂ ಪಕ್ಕದಲ್ಲಿ ಕೂತೆ. ಈ ಸರಣಿ ನನಗೆಷ್ಟು ಇಷ್ಟ ಅಂತ ನಿಮಗೆ ಗೊತ್ತೇ ಇದೆ. ಖಾಲಿಯಾದ ಮನೆಯಲ್ಲಿ ಆರೂ ಜನ ತಮ್ಮ ತಮ್ಮ ಬೀಗದ ಕೈ ತೆಗೆದು ಅಡುಗೆಮನೆ ಕಟ್ಟೆಯ ಮೇಲೆ ಇಡುತ್ತಾರಲ್ಲ, ಅಷ್ಟೊತ್ತಿಗೆ ನನ್ನ ಕಣ್ಣು ತುಂಬಿತ್ತು. ಅವಳು ಟಿವಿ ಆರಿಸಿ, "ಚಿಕ್ಕಮ್ಮ, ಜೋಯಿ ಪಾಪ ಅಲ್ವಾ? ಎಲ್ಲರಿಗೂ ಜೋಡಿ ಸಿಕ್ತು. ಅವನೊಬ್ಬನೇ ಉಳಿದ. ಅವನಿಗೂ ಫೀಬಿಗೂ ಮದುವೆ ಮಾಡಿಸಿದ್ರೆ ಚೆನ್ನಾಗಿರ್ತಿತ್ತು" ಅಂದಳು.

ನನಗೆ ಸಿಟ್ಟು ಬಂತು. ಅವಳ ಮೇಲಲ್ಲ. ಹದಿನೇಳರ ಹುಡುಗಿ, ಅನಿಸಿದ್ದು ಹೇಳಿದಳು. ಆದರೆ ಹತ್ತು ವರ್ಷದ ಸ್ನೇಹದ ಕಥೆ ನೋಡಿ ಎದ್ದವಳ ತಲೆಯಲ್ಲಿ ಉಳಿದದ್ದು ಯಾರಿಗೆ ಮದುವೆಯಾಯಿತು, ಯಾರಿಗೆ ಆಗಲಿಲ್ಲ ಅನ್ನೋ ಲೆಕ್ಕ. ಈ ಲೆಕ್ಕ ಅವಳಾಗಿ ಹಾಕಿದ್ದಲ್ಲ. ಟಿವಿ ಕಲಿಸಿದ್ದು. ಸ್ನೇಹಿತರ ಗುಂಪಿನ ಕಥೆ ಅಂತ ಶುರು ಮಾಡುತ್ತಾರೆ, ಕೊನೆಗೆ ಆ ಗುಂಪನ್ನು ಜೋಡಿ ಜೋಡಿಯಾಗಿ ಒಡೆದು ಮನೆಗೆ ಕಳಿಸುತ್ತಾರೆ. ಒಬ್ಬ ಉಳಿದರೆ ಅವನು ಪಾಪದವನು.

ಜೋಯಿ ಪಾಪದವನಲ್ಲ. ಫೀಬಿ ಬಾಡಿಗೆ ತಾಯಿಯಾಗಿ ತನ್ನ ತಮ್ಮನ ಮಕ್ಕಳನ್ನು ಹೊಟ್ಟೆಯಲ್ಲಿ ಹೊತ್ತಿದ್ದಾಗ ಏನಾಯಿತು ನೆನಪಿದೆಯಾ? ಅವಳು ಸಸ್ಯಾಹಾರಿ. ಬಸುರಿಯಾದ ಮೇಲೆ ಮಾಂಸದ ಆಸೆ ತಡೆಯಲಾಗಲಿಲ್ಲ. ಮನಸ್ಸು ಒಪ್ಪದೆ ಒದ್ದಾಡಿದಳು. ಆಗ ಜೋಯಿ, ನಿನಗೆ ಹೆರಿಗೆಯಾಗುವ ತನಕ ನಾನು ಮಾಂಸ ಬಿಡುತ್ತೇನೆ, ನನ್ನ ಪಾಲಿನದನ್ನು ನೀನು ತಿನ್ನು, ಒಂದು ಪ್ರಾಣಿಯೂ ಜಾಸ್ತಿ ಸಾಯೋದಿಲ್ಲ ಅಂದ. ಊಟ ಅಂದರೆ ಪ್ರಾಣ ಬಿಡುವ ಜೋಯಿ! ಇಡೀ ಸರಣಿಯಲ್ಲಿ ಇದಕ್ಕಿಂತ ದೊಡ್ಡ ಪ್ರೀತಿಯ ಮಾತು ನನಗೆ ಕಂಡಿಲ್ಲ. ರಾಸ್ ರೇಚಲ್‌ಗೆ ಹೇಳಿದ ಯಾವ ಮಾತೂ ಇದರ ಹತ್ತಿರ ಬರೋದಿಲ್ಲ. ಇದರ ಹಿಂದೆ ಏನೂ ಆಸೆ ಇರಲಿಲ್ಲ, ಮುಂದೆಯೂ ಏನೂ ನಡೆಯಲಿಲ್ಲ. ಅವಳಿಗೆ ಕಷ್ಟ ಆಗುತ್ತಿತ್ತು, ಇವನಿಗೆ ಒಂದು ದಾರಿ ಹೊಳೆಯಿತು. ಅಷ್ಟೇ.

ಪರದೆಯ ಆಚೆಗೂ ಆ ಆರು ಜನ ಹಾಗೇ ಇದ್ದರು. ಎರಡನೇ ಸೀಸನ್‌ನಲ್ಲಿ ಎಲ್ಲರ ಸಂಭಾವನೆ ಒಂದೇ ಆಗಿರಲಿಲ್ಲ. ರಾಸ್ ಪಾತ್ರ ಮಾಡಿದ ಡೇವಿಡ್ ಶ್ವಿಮ್ಮರ್‌ಗೂ ರೇಚಲ್ ಪಾತ್ರದ ಜೆನಿಫರ್ ಆನಿಸ್ಟನ್‌ಗೂ ಉಳಿದವರಿಗಿಂತ ಜಾಸ್ತಿ ಕೇಳುವ ಅವಕಾಶ ಇತ್ತು. ಅವರು ಕೇಳಲಿಲ್ಲ. ಆರೂ ಜನ ಒಟ್ಟಿಗೆ ಕೂತು ಮಾತಾಡೋಣ, ಎಲ್ಲರಿಗೂ ಒಂದೇ ಸಂಬಳ ಕೇಳೋಣ ಅಂತ ಶ್ವಿಮ್ಮರ್ ಮುಂದೆ ನಿಂತರು. ಕೊನೆಯ ಎರಡು ಸೀಸನ್ ಹೊತ್ತಿಗೆ ಒಬ್ಬೊಬ್ಬರಿಗೂ ಕಂತಿಗೆ 10 ಲಕ್ಷ ಡಾಲರ್ ಸಿಗುತ್ತಿತ್ತು. 2023ರ ಅಕ್ಟೋಬರ್‌ನಲ್ಲಿ ಚಾಂಡ್ಲರ್ ಪಾತ್ರ ಮಾಡಿದ ಮ್ಯಾಥ್ಯೂ ಪೆರಿ ತೀರಿಹೋದಾಗ ಉಳಿದ ಐವರು ಮೊದಲು ಒಂದೇ ಹೇಳಿಕೆ ಕೊಟ್ಟರು, ಐದೂ ಹೆಸರು ಸೇರಿಸಿ. ನಾನದನ್ನು ಓದಿ ಆ ದಿನ ಬೇರೆ ಕೆಲಸ ಮಾಡಲಾಗದೆ ಕೂತಿದ್ದೆ.

ಇಷ್ಟೆಲ್ಲ ಇದ್ದರೂ ಜನರಿಗೆ ಬೇಕಿದ್ದದ್ದು ರಾಸ್, ರೇಚಲ್ ಒಂದಾಗೋದು.

ನೋಡುವವರ ಪಾಲೂ ಇದರಲ್ಲಿದೆ, ಅದನ್ನೂ ಹೇಳಿಬಿಡುತ್ತೇನೆ. ಮೋನಿಕಾ, ಚಾಂಡ್ಲರ್ ಲಂಡನ್ನಿನಲ್ಲಿ ಒಂದೇ ಹಾಸಿಗೆಯಿಂದ ಎದ್ದು ಕೂರುವ ಕಂತು ಇದೆಯಲ್ಲ, ಅದು ಒಂದು ರಾತ್ರಿಗೆ ಮುಗಿಯಬೇಕಿದ್ದ ಕಥೆ. ಚಿತ್ರೀಕರಣದಲ್ಲಿ ಎದುರು ಕೂತಿದ್ದ ಪ್ರೇಕ್ಷಕರು ಎಷ್ಟು ಹೊತ್ತು ಕೂಗಿ ಚಪ್ಪಾಳೆ ಹೊಡೆದರು ಅಂದ್ರೆ, ಬರೆಯುವವರು ಅದನ್ನೇ ಹಿಡಿದುಕೊಂಡು ಮದುವೆಯ ತನಕ ಹೋದರು. ಆ ಜೋಡಿ ನನಗೂ ಇಷ್ಟ. ಮದುವೆಯಾದ ಮೇಲೂ ಅವರಿಬ್ಬರು ಮೊದಲಿನ ಹಾಗೇ ಒಬ್ಬರನ್ನೊಬ್ಬರು ನಗಿಸುತ್ತಿದ್ದರು, ಜೋಯಿಗೆ ಅವರ ಮನೆಯ ಬಾಗಿಲು ಮುಚ್ಚಲಿಲ್ಲ, ಅದಕ್ಕೆ. ಆದರೆ ಚಪ್ಪಾಳೆ ಬಿದ್ದದ್ದು ಯಾವುದಕ್ಕೆ ಅನ್ನೋದು ನನ್ನ ಮನಸ್ಸಿನಿಂದ ಹೋಗೋದಿಲ್ಲ. ಜೋಯಿ ಮಾಂಸ ಬಿಟ್ಟಾಗ ಯಾರೂ ಅಷ್ಟು ಹೊತ್ತು ಕೂಗಲಿಲ್ಲ.

‘ಹೌ ಐ ಮೆಟ್ ಯುವರ್ ಮದರ್’ ಇದಕ್ಕಿಂತ ದೊಡ್ಡ ನೋವು. ಟೆಡ್, ಮಾರ್ಷಲ್, ಲಿಲಿ, ಬಾರ್ನಿ, ರಾಬಿನ್. 2005ರಿಂದ 2014ರ ತನಕ 208 ಕಂತು ಆ ಐದು ಜನ ಒಂದೇ ಮೇಜಿನ ಸುತ್ತ ಕೂತರು. ರಾಬಿನ್‌ಳನ್ನು ಮೊದಲು ಟೆಡ್ ಜೊತೆ ಸೇರಿಸಿದರು, ಬಿಡಿಸಿದರು. ಬಾರ್ನಿ ಜೊತೆ ಸೇರಿಸಿದರು, ಬಿಡಿಸಿದರು. ಆಮೇಲೆ ಕೊನೆಯ ಸೀಸನ್ ಪೂರ್ತಿ, ಒಂದೆರಡು ದಿನದ ಕಥೆಯಾಗಿ, ಬಾರ್ನಿ ರಾಬಿನ್ ಮದುವೆ. ಕೊನೆಯ ಕಂತಿನಲ್ಲಿ ಸರಸರ ಅಂತ ವಿಚ್ಛೇದನ. ಒಂದು ಪಾರ್ಟಿಯಲ್ಲಿ ರಾಬಿನ್ ಲಿಲಿಗೆ ಹೇಳುತ್ತಾಳೆ, ಯಾವ ಗುಂಪು ಅದು, ನನ್ನ ಮಾಜಿ ಗಂಡ ಅಲ್ಲಿ ಯಾರದೋ ಹಿಂದೆ ಬಿದ್ದಿದ್ದಾನೆ, ನಾನು ಮದುವೆಯಾಗಬೇಕಿದ್ದವನು ತನ್ನ ಮಗುವಿನ ತಾಯಿಯ ಜೊತೆ ನಿಂತಿದ್ದಾನೆ, ಅದರ ನಡುವೆ ನಾನು ಹೇಗೆ ಇರಲಿ ಅನ್ನುವ ಅರ್ಥದಲ್ಲಿ. ಹೇಳಿ ಹೊರಟು ಹೋಗುತ್ತಾಳೆ. ಕೋಪ ಬಂದಿದ್ದು ನನಗೆ ಅಲ್ಲೇ. ಬೇರೆಯವರೆಲ್ಲ ಆ ತಾಯಿಯನ್ನು ಸಾಯಿಸಿದರು ಅಂತ ಬೈದರು. ನಾನು ಬೈದದ್ದು ರಾಬಿನ್‌ಗೆ ಗೆಳೆಯರೇ ಇಲ್ಲದ ಹಾಗೆ ಮಾಡಿದ್ದಕ್ಕೆ. ಅವಳನ್ನು ಯಾರಿಗೂ ಜೋಡಿ ಮಾಡದೆ ಆ ಮೇಜಿನ ಹತ್ತಿರ ಸುಮ್ನೆ ಕೂರೋಕೆ ಬಿಟ್ಟಿದ್ದರೆ ಕೊನೆಯ ತನಕ ಇರುತ್ತಿದ್ದಳು.

ಕೊರಿಯಾದ ‘ರಿಪ್ಲೈ 1988’ ನಾನು ಎದೆಗೆ ಹಚ್ಚಿಕೊಂಡ ಸರಣಿ. ಒಂದೇ ಓಣಿಯ ಐದು ಮಕ್ಕಳು. ಟೇಕ್‌ನ ಕೋಣೆಯಲ್ಲಿ ಕಾಲು ಚಾಚಿ ಕೂತು ಸಿನಿಮಾ ನೋಡುತ್ತಾರೆ, ತಿನ್ನುತ್ತಾರೆ, ಜಗಳವಾಡುತ್ತಾರೆ. ಅಷ್ಟು ಸಾಕು ನನಗೆ. ಆದರೆ ಅಲ್ಲೂ ಡೊಕ್‌ಸುನ್‌ಳ ಗಂಡ ಯಾರು ಅನ್ನೋ ಒಗಟು ಇಟ್ಟರು. ಟೇಕ್‌ನಾ, ಜುಂಗ್‌ಹ್ವಾನಾ? 20 ಕಂತು ಜನ ಅದಕ್ಕೇ ಬಡಿದಾಡಿದರು. ಕೊನೆಯಲ್ಲಿ ಅವಳು ಆ ಹಳೆಯ ಕೋಣೆಯ ಬಾಗಿಲು ತೆಗೆದರೆ ನಾಲ್ವರೂ ಅದೇ ವಯಸ್ಸಿನಲ್ಲಿ ಅಲ್ಲೇ ಕೂತಿರುತ್ತಾರೆ. ಕಥೆ ಬರೆದವರಿಗೆ ಗೊತ್ತಿತ್ತು, ನಾವು ಮರಳಿ ಹೋಗಲು ಬಯಸುವುದು ಆ ಕೋಣೆಗೆ ಅಂತ. ಮತ್ತೆ ಆ ಒಗಟು ಯಾಕೆ ಬೇಕಿತ್ತು?

"ನಿಜ ಜೀವನದಲ್ಲೂ ಸ್ನೇಹಿತರು ಮದುವೆ ಆಗ್ತಾರಲ್ಲ, ನಿಂಗೇನು ಕಷ್ಟ?" ಅಂತ ಅಕ್ಕ ಕೇಳಿದಳು. ಆಗಲಿ, ಸಂತೋಷ. ಆದರೆ ಹತ್ತರಲ್ಲಿ ಒಬ್ಬರು ಆಗುತ್ತಾರೇನೋ. ಉಳಿದ ಒಂಬತ್ತು ಸ್ನೇಹ ಸ್ನೇಹವಾಗಿಯೇ ಬದುಕುತ್ತದೆ, ಇಲ್ಲವೇ ಸಾಯುತ್ತದೆ. ಅದರ ಕಥೆ ಯಾರು ಹೇಳಬೇಕು? ನಾವು ಚಿಕ್ಕವರಿದ್ದಾಗ ನೋಡಿದ ‘ಮಾಲ್ಗುಡಿ ಡೇಸ್’ನಲ್ಲಿ ಸ್ವಾಮಿ, ಮಣಿ, ರಾಜಂ ಇದ್ದರು. ಶಂಕರ್ ನಾಗ್ ಅವರನ್ನು ತೋರಿಸಿದ ರೀತಿಯಲ್ಲಿ ಸ್ನೇಹವೊಂದೇ ಸಾಕಾಗಿತ್ತು. ಕ್ರಿಕೆಟ್, ಮುನಿಸು, ಅಗಲಿಕೆ. ಮಕ್ಕಳಿಗಾದರೆ ಅಷ್ಟು ಸಾಕು, ದೊಡ್ಡವರಾದ ಕೂಡಲೇ ಸಾಲದು ಅಂತ ಯಾರು ನಿರ್ಧರಿಸಿದರು?

ಇದನ್ನು ಇಷ್ಟು ಜೋರಾಗಿ ಯಾಕೆ ಹೇಳುತ್ತಿದ್ದೇನೆ ಅಂತ ಕೆಲವರಿಗೆ ಗೊತ್ತು. ಉಳಿದವರಿಗೆ ಇವತ್ತು ಹೇಳುತ್ತೇನೆ.

ನನಗೊಬ್ಬ ಗೆಳೆಯ ಇದ್ದ. ಮೊದಲ ಕೆಲಸದಲ್ಲಿ ಪರಿಚಯ. ಆರು ವರ್ಷ ನಾವಿಬ್ಬರು ದಿನಾ ಮಾತಾಡಿದ್ದೇವೆ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ನಾಲ್ಕು ರಾತ್ರಿ ಹೊರಗಿನ ಬೆಂಚಿನ ಮೇಲೆ ಅವನು ಕೂತಿದ್ದ. ನಮ್ಮಿಬ್ಬರ ಮಧ್ಯೆ ಬೇರೆ ಏನೂ ಇರಲಿಲ್ಲ. ಮನಸ್ಸಿನ ಮೂಲೆಯಲ್ಲೂ ಇರಲಿಲ್ಲ. ಆದರೆ ನೋಡಿದವರೆಲ್ಲ ಕೇಳುತ್ತಿದ್ದರು, "ಯಾವಾಗ ಸಿಹಿ ಸುದ್ದಿ?" ನಾವು ನಗುತ್ತಿದ್ದೆವು. ಅವನಿಗೆ ಹುಡುಗಿ ಗೊತ್ತಾದ ಮೇಲೂ ಜನ ಬಿಡಲಿಲ್ಲ. "ಅಯ್ಯೋ, ನಿಮ್ಮಿಬ್ಬರದೇ ಆಗುತ್ತೆ ಅಂದುಕೊಂಡಿದ್ವಿ" ಅಂತ ಆ ಹುಡುಗಿಯ ಎದುರೇ ಅಂದರು. ಪಾಪ, ಅವಳ ತಪ್ಪೇನೂ ಇಲ್ಲ. ಆಮೇಲೆ ಅವನು ಫೋನ್ ಮಾಡೋದು ಕಮ್ಮಿಯಾಯಿತು. ನಾನೂ ಸಂಕೋಚಪಟ್ಟೆ. ಒಂದು ದಿನ ನೋಡಿದರೆ ಮಾತು ಪೂರ್ತಿ ನಿಂತೇ ಹೋಗಿತ್ತು. ಪ್ರೇಮ ಮುರಿದಿದ್ದರೆ ನೀವೆಲ್ಲ ಬಂದು ಸಮಾಧಾನ ಮಾಡುತ್ತಿದ್ದಿರಿ. ಸ್ನೇಹ ಹೋದಾಗ ಯಾರೂ ಬರಲಿಲ್ಲ. ಏನಾಯಿತು ಅಂತ ಹೇಳಲು ನನ್ನ ಹತ್ತಿರ ಮಾತೂ ಇರಲಿಲ್ಲ.

ಆ ಕಾಲದಲ್ಲಿ ‘ಪಾರ್ಕ್ಸ್ ಆ್ಯಂಡ್ ರಿಕ್ರಿಯೇಷನ್’ನ ಕೊನೆಯ ಸೀಸನ್ ನೋಡಿದೆ. ಲೆಸ್ಲಿ ನೋಪ್, ರಾನ್ ಸ್ವಾನ್ಸನ್. ಹೆಣ್ಣು, ಗಂಡು. ಒಂದು ಊರಿನ ಉದ್ಯಾನ ಇಲಾಖೆಯ ಆಫೀಸಿನಲ್ಲಿ ಜೊತೆಗೆ ಕೆಲಸ ಮಾಡಿದವರು. ಸರ್ಕಾರ ಎಲ್ಲರ ಕೆಲಸಕ್ಕೂ ಬರಬೇಕು ಅನ್ನುವವಳು ಅವಳು. ಸರ್ಕಾರವೇ ಬೇಡ ಅನ್ನುವವನು ಇವನು. ಏಳು ಸೀಸನ್‌ನಲ್ಲಿ ಒಂದು ಸಲವೂ ಅವರಿಬ್ಬರನ್ನು ಪ್ರೇಮಕ್ಕೆ ಎಳೆಯಲಿಲ್ಲ. ಇಬ್ಬರೂ ಮುನಿಸಿಕೊಂಡು ಮಾತು ಬಿಟ್ಟಿರುತ್ತಾರೆ. ಗೆಳೆಯರು ಅವರನ್ನು ರಾತ್ರಿಯಿಡೀ ಹಳೆಯ ಆಫೀಸಿನಲ್ಲಿ ಕೂಡಿ ಬೀಗ ಹಾಕುತ್ತಾರೆ. ಕೊನೆಗೆ ರಾನ್ ಬಾಯಿ ಬಿಡುತ್ತಾನೆ. ಗೆಳೆಯರೆಲ್ಲ ಒಬ್ಬೊಬ್ಬರಾಗಿ ಆ ಆಫೀಸು ಬಿಟ್ಟು ಹೋದರು. ಅವನಿಗೆ ಅವರಿಲ್ಲದೆ ಇರಲಾಗಲಿಲ್ಲ. ಜೀವನವಿಡೀ ಸರ್ಕಾರವನ್ನು ಬೈದವನು ಲೆಸ್ಲಿಯ ಕೈಕೆಳಗೆ ಕೇಂದ್ರ ಸರ್ಕಾರದ ಕೆಲಸ ಕೇಳೋಣ ಅಂತ ಹೋದ. ಮಧ್ಯಾಹ್ನ ಊಟಕ್ಕೆ ಸಿಗೋಣ ಅಂದಿದ್ದಳು. ಅವಳು ಮರೆತಳು. ಬರಲಿಲ್ಲ. ಇಷ್ಟೇ ಜಗಳ. ಒಂದು ಊಟ. ನಾನು ಆ ಕಂತು ನಿಲ್ಲಿಸಿ ಬಹಳ ಹೊತ್ತು ಅತ್ತಿದ್ದೇನೆ. ನನಗಾದದ್ದು ದೊಡ್ಡ ನೋವೇ ಅಂತ ಒಪ್ಪಿಕೊಂಡ ಮೊದಲ ಕಥೆ ಅದು.

‘ಸೈನ್‌ಫೆಲ್ಡ್’ಗೂ ನಾನು ಋಣಿ. ಜೆರ್ರಿ, ಇಲೇನ್ ಹಿಂದೆ ಪ್ರೇಮಿಗಳಾಗಿದ್ದವರು. ಒಂದು ಕಂತಿನಲ್ಲಿ ಅವರನ್ನು ಮತ್ತೆ ಸೇರಿಸಿದರೂ, ಆ ಸರಣಿ ಮುಂದೆ ಆ ದಾರಿ ಹಿಡಿಯಲಿಲ್ಲ. 1998ರಲ್ಲಿ ಮುಗಿಯುವಾಗ ಗುಂಪಿನ ನಾಲ್ವರು ಗೆಳೆಯರೂ ಜೈಲಿನಲ್ಲಿ, ಒಟ್ಟಿಗೆ, ಮಾತಾಡುತ್ತಾ ಕೂತಿದ್ದರು.

ಆದರೆ ನನ್ನ ಗುಂಪು ಯಾವುದು ಅಂತ ಕೇಳಿದರೆ ‘ದ ಗೋಲ್ಡನ್ ಗರ್ಲ್ಸ್’. ಡೊರೊತಿ, ರೋಸ್, ಬ್ಲಾಂಚ್, ಡೊರೊತಿಯ ಅಮ್ಮ ಸೋಫಿಯಾ. ಒಂದೇ ಮನೆಯಲ್ಲಿ ಒಟ್ಟಿಗಿರುವ ನಾಲ್ವರು ಹಿರಿಯ ಹೆಂಗಸರು. 1985ರಲ್ಲಿ ಶುರುವಾದ ಸರಣಿ. ಒಬ್ಬಳಿಗೆ ವಿಚ್ಛೇದನವಾಗಿದೆ, ಮೂವರ ಗಂಡಂದಿರು ತೀರಿಕೊಂಡಿದ್ದಾರೆ. ಬೇರೆ ಕಥೆಗಳು ಮುಗಿಯುವ ಜಾಗದಲ್ಲಿ ಇವರ ಕಥೆ ಶುರುವಾಗುತ್ತದೆ. ಮೊದಲ ಕಂತಿನಲ್ಲೇ ಬ್ಲಾಂಚ್ ಮದುವೆಗೆ ಸಿದ್ಧವಾಗಿ ನಿಂತಿರುತ್ತಾಳೆ. ಗಂಡಿಗೆ ಆಗಲೇ ಹೆಂಡತಿಯರಿದ್ದಾರೆ ಅಂತ ಪೊಲೀಸರು ಬಂದು ಹೇಳುತ್ತಾರೆ. ಅವಳು ಎಷ್ಟೋ ದಿನ ಕೋಣೆಯಿಂದ ಹೊರಗೆ ಬರೋದಿಲ್ಲ. ಬಂದಾಗ, ನನ್ನನ್ನು ಎಬ್ಬಿಸಿದ್ದು ನೀವು, ನನ್ನ ಕುಟುಂಬ ನೀವೇ ಅನ್ನುತ್ತಾಳೆ. ಅಡುಗೆಮನೆ ಮೇಜಿನ ಸುತ್ತ ಅವರು ನಡುರಾತ್ರಿ ಕೂತು ಮಾತಾಡುವಾಗ ಆ ಮನೆಯಲ್ಲಿ ಏನೂ ಕೊರತೆ ಇದೆ ಅನಿಸೋದಿಲ್ಲ.

ಅಲ್ಲೂ ಕೊನೆಗೆ ಮದುವೆಯೇ ಬಂತು. 1992ರಲ್ಲಿ, ಕಟ್ಟಕಡೆಯ ಕಂತಿನಲ್ಲಿ ಡೊರೊತಿ ಮದುವೆಯಾಗಿ ಹೊರಡುತ್ತಾಳೆ. ಬಾಗಿಲು ದಾಟುತ್ತಾಳೆ, ತಡೆಯಲಾರದೆ ಓಡಿ ಬಂದು ಗೆಳತಿಯರನ್ನು ತಬ್ಬುತ್ತಾಳೆ. ಮತ್ತೆ ಹೋಗುತ್ತಾಳೆ. ಮತ್ತೆ ಬರುತ್ತಾಳೆ. ಪ್ರತಿ ಸಲ ನೋಡುವಾಗಲೂ ಈ ಸಲ ಅವಳು ಹೋಗೋದಿಲ್ಲ ಅಂತ ನನಗೆ ಅನಿಸುತ್ತದೆ.

ಇವತ್ತು ರಾತ್ರಿಯಿಂದ ಅಕ್ಕನ ಮಗಳಿಗೆ ಇದನ್ನು ತೋರಿಸುತ್ತೇನೆ. 180 ಕಂತು, ರಜೆ ಸಾಲದು, ಪರವಾಗಿಲ್ಲ. ಡೊರೊತಿ ಬಾಗಿಲು ತೆಗೆದು ಮತ್ತೆ ಒಳಗೆ ಬರುವ ಹೊತ್ತಿಗೆ ಅವಳು ಯಾರನ್ನು ಪಾಪ ಅನ್ನುತ್ತಾಳೆ ಅಂತ ನೋಡಬೇಕು.