ಟ್ಯಾಬ್ ಕೊಟ್ಟರೆ ಮಕ್ಕಳು ತಾವೇ ಕಲಿಯುತ್ತಾರಾ?

‘ಪ್ರತಿ ಮಗುವಿಗೂ ಒಂದು ಟ್ಯಾಬ್ ಕೊಡಿ ಸಾಕು, ಮೇಷ್ಟ್ರೇ ಬೇಡ.’ ವಾಟ್ಸಾಪ್‌ನಲ್ಲಿ ಹೀಗೊಂದು ಸಂದೇಶ ಆಗಾಗ ಬರುತ್ತದೆ. ಕೇಳೋಕೆ ಚೆನ್ನಾಗಿದೆ, ಆದರೆ ನಿಜವಲ್ಲ.

ಪೆರು ದೇಶದಲ್ಲಿ ಇಂಥದ್ದೇ ಒಂದು ಪ್ರಯತ್ನ ಮಾಡಿ ನೋಡಿದರು. ಸರ್ಕಾರ ಲಕ್ಷಗಟ್ಟಲೆ ಲ್ಯಾಪ್‌ಟಾಪ್ ಹಂಚಿತು. 2012ರಲ್ಲಿ 319 ಹಳ್ಳಿ ಶಾಲೆಗಳ ಅಧ್ಯಯನವೊಂದು ಹೊರಬಂತು. ಮಕ್ಕಳು ಕಂಪ್ಯೂಟರ್ ಬಳಸಿದ್ದು ಜಾಸ್ತಿಯಾಗಿತ್ತು, ಆದರೆ ಗಣಿತ, ಭಾಷೆಯ ಅಂಕ ಏರಿರಲಿಲ್ಲ. ಯಂತ್ರ ಬಂದಿತ್ತು, ಪಾಠ ಮಾಡುವ ರೀತಿ ಮಾತ್ರ ಹೆಚ್ಚುಕಡಿಮೆ ಹಳೆಯದೇ. ಹಾಗಂತ ಲಾಭವೇ ಇಲ್ಲ ಅಂತಲೂ ಅಲ್ಲ. ಯೋಚನಾಶಕ್ತಿಯ ಪರೀಕ್ಷೆಗಳಲ್ಲಿ ಒಂದಷ್ಟು ಸುಧಾರಣೆ ಕಂಡಿತ್ತು.

ಕೆಲಸ ಇರುವುದು ಶಿಕ್ಷಕರ ತಯಾರಿಯಲ್ಲಿ. ಬಟನ್ ಎಲ್ಲಿದೆ ಅಂತ ಹೇಳಿಕೊಡೋದು ತರಬೇತಿ ಅಲ್ಲ, ಅದು ಅರ್ಧ ದಿನದ ಮಾತು. ಜಿಯೋಜೀಬ್ರಾ ಅನ್ನೋ ಗಣಿತದ ತಂತ್ರಾಂಶ ತಗೊಳ್ಳಿ, ಪುಕ್ಕಟೆ ಸಿಗುತ್ತದೆ. ತ್ರಿಭುಜದ ತುದಿ ಎಳೆದು ತೋರಿಸಿ ಮುಗಿಸಿದರೆ ಅದು ಸುಮ್ನೆ ಸಿನಿಮಾ. ‘ಎಳೆದರೆ ಕೋನಗಳ ಮೊತ್ತ ಏನಾಗಬಹುದು?’ ಎಂದು ಮೊದಲು ಕೇಳಿ, ಮಕ್ಕಳು ಊಹಿಸಿ ಬರೆದ ಮೇಲೆ ಎಳೆದರೆ? 180 ಡಿಗ್ರಿ ಅಲುಗಾಡದೆ ನಿಂತಿದ್ದನ್ನು ಕಂಡು ‘ಯಾಕೆ?’ ಅಂತ ಅವರೇ ಕೇಳುತ್ತಾರೆ.

ಆ ಪ್ರಶ್ನೆಯನ್ನು ಯಾವಾಗ ಕೇಳಬೇಕು, ಪರದೆಯನ್ನು ಯಾವಾಗ ಆಫ್ ಮಾಡಬೇಕು ಅನ್ನೋದನ್ನು ಟ್ಯಾಬ್ ಹೇಳಿಕೊಡುವುದಿಲ್ಲ ಅಲ್ವಾ?