ಆ ಹಗ್ಗವನ್ನು ಬಿಟ್ಟುಬಿಡಿ

ಪಂಜರದೊಳಗೆ ನಿಂತು ಬಿಳಿ ಶಾರ್ಕ್ ನೋಡುವ ಪ್ರವಾಸಗಳನ್ನು ಪೂರ್ತಿ ನಿಷೇಧಿಸಬೇಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಈಗಿರುವಂತೆಯೇ ನಡೆಯಲಿ ಎನ್ನುವವರ ಪರವೂ ನಾನಿಲ್ಲ. ನನ್ನ ತಕರಾರೆಲ್ಲ ದೋಣಿಯ ಮೇಲೆ ನಿಂತವನ ಕೈಯಲ್ಲಿರುವ ಹಗ್ಗದ ಮೇಲೆ.

ದಕ್ಷಿಣ ಆಫ್ರಿಕಾದ ಗಾನ್ಸ್‌ಬಾಯ್ ಬಳಿ ಇದು ಹೇಗೆ ನಡೆಯುತ್ತದೆ ನೋಡಿ. ಅರೆದ ಮೀನನ್ನೂ ಮೀನೆಣ್ಣೆಯನ್ನೂ ನೀರಿಗೆ ಸುರಿಯುತ್ತಾರೆ. ವಾಸನೆ ಹಿಡಿದು ಶಾರ್ಕ್ ಬರುತ್ತದೆ. ಪಂಜರ ದೋಣಿಯ ಪಕ್ಕಕ್ಕೇ ಕಟ್ಟಿರುತ್ತದೆ, ಅದರ ಮೇಲ್ಭಾಗ ನೀರಿನಿಂದ ಹೊರಗಿರುತ್ತದೆ. ಒಳಗಿರುವವರಿಗೆ ಸಿಲಿಂಡರ್ ಇಲ್ಲ. ಮೇಲಿನಿಂದ ಕೂಗಿದ ಕೂಡಲೇ ಉಸಿರು ಬಿಗಿಹಿಡಿದು ಮುಳುಗಬೇಕು. ಅಷ್ಟರಲ್ಲಿ ಹಗ್ಗಕ್ಕೆ ಕಟ್ಟಿದ ಟ್ಯೂನಾ ಮೀನಿನ ತಲೆಯನ್ನು ಶಾರ್ಕ್‌ನ ಮೂತಿಯ ಮುಂದೆ ಆಡಿಸುತ್ತಾ ಎಳೆಯುತ್ತಾರೆ. ಎರೆಯನ್ನು ಅದರ ಬಾಯಿಗೆ ಸಿಗಗೊಡಬಾರದು ಎಂಬುದು ನಿಯಮ. ಸಿಗಲಿಲ್ಲವೆಂದರೆ ಅದು ಮತ್ತೆ ನುಗ್ಗುತ್ತದೆ. ಫೋಟೊ ಚೆನ್ನಾಗಿ ಬರುವುದು ಆಗಲೇ.

ಹತ್ತಿರದಿಂದ ನೋಡಿದರೆ ಅದರ ಕಣ್ಣು ನಾವೆಣಿಸಿದಂತೆ ಕಪ್ಪಲ್ಲ, ಗಾಢ ನೀಲಿ. ಕಚ್ಚುವ ಗಳಿಗೆಯಲ್ಲಿ ಆ ಕಣ್ಣು ಹಿಂದಕ್ಕೆ ಹೊರಳುತ್ತದೆ. ರಕ್ಷಣೆಗೆ ಅದಕ್ಕಿರುವ ಉಪಾಯ ಅದೊಂದೇ. ಅಂದರೆ ಕೊನೆಯ ಕ್ಷಣದಲ್ಲಿ ಶಾರ್ಕ್‌ಗೆ ಎದುರಿಗಿರುವುದು ಕಾಣಿಸುವುದೇ ಇಲ್ಲ. ಮೂತಿಯ ಮೇಲಿನ ಸಣ್ಣ ರಂಧ್ರಗಳು ಗ್ರಹಿಸುವ ವಿದ್ಯುತ್ ಸಂಕೇತಗಳನ್ನೇ ನಂಬಬೇಕು, ಉಪ್ಪುನೀರಿನಲ್ಲಿರುವ ಲೋಹದ ಪಂಜರವೂ ಅಂಥ ಸಂಕೇತ ಹೊರಡಿಸುತ್ತದೆ. ಒಮ್ಮೆ ಸರಳುಗಳ ನಡುವೆ ತಲೆ ತೂರಿತೆಂದರೆ ಹಿಮ್ಮುಖವಾಗಿ ಈಜಲು ಅದಕ್ಕೆ ಬಾರದು. ಇಷ್ಟು ಗೊತ್ತಿದ್ದೂ ಎರೆಯನ್ನು ಪಂಜರದತ್ತಲೇ ಎಳೆಯುವವರನ್ನು ಏನೆನ್ನಬೇಕು?

ಮೆಕ್ಸಿಕೋದ ಗ್ವಾಡಲೂಪೆ ದ್ವೀಪದಲ್ಲಿ ಆದದ್ದು ಇದೇ. 2016ರಲ್ಲಿ ಒಂದು ಶಾರ್ಕ್ ಪಂಜರದೊಳಕ್ಕೇ ನುಗ್ಗಿತು. ಒಳಗಿದ್ದ ಮನುಷ್ಯ ಪುಣ್ಯಕ್ಕೆ ಬದುಕಿಕೊಂಡ. 2019ರಲ್ಲಿ ಇನ್ನೊಂದು ಸರಳುಗಳ ನಡುವೆ ತಲೆ ಸಿಕ್ಕಿಕೊಂಡು ರಕ್ತ ಸುರಿಸುತ್ತಾ ಒದ್ದಾಡಿತು. ಆ ವಿಡಿಯೊವನ್ನು ನನಗೆ ಕೊನೆಯವರೆಗೆ ನೋಡಲಾಗಲಿಲ್ಲ. ಹೆಣ್ಣು ಬಿಳಿ ಶಾರ್ಕ್ ಮರಿ ಹಾಕುವ ವಯಸ್ಸಿಗೆ ಬರಲು ಸುಮಾರು 30 ವರ್ಷ ಬೇಕು, ಅಂಥ ಜೀವವನ್ನು ಒಂದು ಚಿತ್ರಕ್ಕಾಗಿ ಹೀಗೆ ಗಾಯಗೊಳಿಸುವುದೇ? 2023ರ ಜನವರಿಯಲ್ಲಿ ಮೆಕ್ಸಿಕೋ ಸರ್ಕಾರ ಅಲ್ಲಿ ಶಾರ್ಕ್ ಪ್ರವಾಸೋದ್ಯಮವನ್ನೇ ಮುಚ್ಚಿಬಿಟ್ಟಿತು.

ಆದರೂ ಎಲ್ಲೆಡೆ ಮುಚ್ಚಿ ಎನ್ನಲು ನನಗೆ ಮನಸ್ಸಿಲ್ಲ. ಬಿಳಿ ಶಾರ್ಕ್‌ಗೆ ಕಾನೂನಿನ ರಕ್ಷಣೆ ಕೊಟ್ಟ ಮೊದಲ ದೇಶ ದಕ್ಷಿಣ ಆಫ್ರಿಕಾ, 1991ರಲ್ಲಿ. ಅದಕ್ಕೂ ಮೊದಲು ಅದರ ಬೆಲೆಯೆಲ್ಲ ಗೋಡೆಗೆ ನೇತುಹಾಕುವ ದವಡೆಯಲ್ಲಿತ್ತು. ಬದುಕಿರುವ ಶಾರ್ಕ್‌ನಿಂದಲೂ ಹೊಟ್ಟೆ ತುಂಬುತ್ತದೆ ಎಂದು ಒಂದು ಮೀನುಗಾರರ ಊರಿಗೆ ತೋರಿಸಿಕೊಟ್ಟದ್ದು ಈ ಪಂಜರಗಳೇ. 2017ರಲ್ಲಿ ಯಕೃತ್ತು ಕಿತ್ತುಹೋದ ಶಾರ್ಕ್‌ಗಳ ಹೆಣಗಳು ಗಾನ್ಸ್‌ಬಾಯ್ ದಡಕ್ಕೆ ಬಂದು ಬಿದ್ದವು. ಬೆನ್ನಿನ ರೆಕ್ಕೆ ಒಂದಕ್ಕೆ ಎಡಕ್ಕೂ ಇನ್ನೊಂದಕ್ಕೆ ಬಲಕ್ಕೂ ಬಾಗಿರುವ ಪೋರ್ಟ್, ಸ್ಟಾರ್‌ಬೋರ್ಡ್ ಎಂಬ ಎರಡು ಓರ್ಕಾಗಳ (ಶಾರ್ಕ್ ಬೇಟೆಯಾಡುವ ‘ಕಿಲ್ಲರ್ ವೇಲ್’ಗಳ) ಕೆಲಸವದು. ಓರ್ಕಾಗಳು ಸುಳಿದ ಮೇಲೆ ಶಾರ್ಕ್‌ಗಳು ಅಲ್ಲಿಂದ ಕಾಣೆಯಾಗುವುದನ್ನು ದಿನದಿನವೂ ಬರೆದಿಟ್ಟವರಲ್ಲಿ ಈ ಪ್ರವಾಸಿ ದೋಣಿಗಳವರೂ ಇದ್ದರು. ದೋಣಿಗಳೇ ಇಲ್ಲದಿದ್ದರೆ ಆ ಲೆಕ್ಕ ಇಡುವವರು ಯಾರಿದ್ದರು?

ಎರೆ ಹಾಕಿದರೆ ಶಾರ್ಕ್‌ಗಳು ಮನುಷ್ಯರ ಬೆನ್ನು ಹತ್ತುತ್ತವೆ ಎಂಬ ಆರೋಪ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ನಿಕೋಲ್ ಎಂದು ಹೆಸರಿಟ್ಟ ಶಾರ್ಕ್ 2003ರಲ್ಲಿ ದಕ್ಷಿಣ ಆಫ್ರಿಕಾದಿಂದ ಹೊರಟು ಆಸ್ಟ್ರೇಲಿಯಾ ತಲುಪಿ, ಒಂಬತ್ತು ತಿಂಗಳೊಳಗೆ ಹಿಂತಿರುಗಿತ್ತು. ಹೋಗಿಬಂದ ದೂರ 20,000 ಕಿಲೊಮೀಟರಿಗೂ ಹೆಚ್ಚು. ಅಂಥ ಪ್ರಾಣಿ ಒಂದು ಮೀನಿನ ತಲೆ ನೆಚ್ಚಿಕೊಂಡು ಬಾಳುತ್ತದೆಯೆಂದು ನಂಬುವುದು ಕಷ್ಟ. ಸಿಟ್ಟೇ ಬರಬೇಕಾದರೆ ಕ್ವಾಜುಲು-ನಟಾಲ್ ಕಡಲತೀರದ ಬಲೆಗಳ ಮೇಲೆ ಬರಲಿ. ಈಜುವವರ ರಕ್ಷಣೆಯ ಹೆಸರಿನಲ್ಲಿ ಅವು ಬಿಳಿ ಶಾರ್ಕ್‌ಗಳನ್ನೂ ಕೊಲ್ಲುತ್ತವೆ, ಅದೂ ಅವಕ್ಕೆ ಮೊದಲು ರಕ್ಷಣೆ ಕೊಟ್ಟ ದೇಶದಲ್ಲೇ.

ಎರೆಯಿಲ್ಲದೆ ಶಾರ್ಕ್ ಬರುವುದಿಲ್ಲ ಎನ್ನುವುದು ಸೋಮಾರಿಗಳ ಮಾತು. ಕ್ಯಾಲಿಫೋರ್ನಿಯಾದ ಫ್ಯಾರಲನ್ ದ್ವೀಪಗಳ ಸುತ್ತ ಬಿಳಿ ಶಾರ್ಕ್‌ಗಳನ್ನು ಆಮಿಷವೊಡ್ಡಿ ಕರೆಯುವಂತಿಲ್ಲ. ಅಲ್ಲಿಯೂ ಜನ ಹೋಗುತ್ತಾರೆ, ಕಾಯುತ್ತಾರೆ. ದಕ್ಷಿಣ ಆಸ್ಟ್ರೇಲಿಯಾದ ನೆಪ್ಚೂನ್ ದ್ವೀಪಗಳಲ್ಲಿ ನೀರಿನಡಿ ಸಂಗೀತ ನುಡಿಸಿ ಶಾರ್ಕ್‌ಗಳನ್ನು ಸೆಳೆದವರೂ ಇದ್ದಾರೆ.

ಇಂಥ ಪ್ರವಾಸಕ್ಕೆ ಹೊರಟವರು ಹಣ ಕಟ್ಟುವ ಮೊದಲು ಎರಡು ಪ್ರಶ್ನೆ ಕೇಳಿ. ಎರೆಯನ್ನು ಪಂಜರದ ಕಡೆಗೆ ಎಳೆಯುತ್ತೀರಾ? ಸರಳುಗಳ ನಡುವೆ ಶಾರ್ಕ್‌ನ ತಲೆ ತೂರುವಷ್ಟು ಜಾಗ ಇದೆಯೇ? ಉತ್ತರ ಹಾರಿಸಿದರೆ ಅವರ ದೋಣಿ ಹತ್ತಬೇಡಿ.