ಮುಟ್ಟಬೇಡಿ ಅಂದ್ರೆ ಮುಟ್ಟಬೇಡಿ

ನಾವಿರುವ ಡೆಲವೇರ್ ಮೂರೇ ಮೂರು ಕೌಂಟಿಗಳ ಪುಟ್ಟ ರಾಜ್ಯ. ಊರಿನವರು ಎಲ್ಲಿದ್ದೀರಿ ಅಂತ ಕೇಳಿದರೆ "ಫಿಲಡೆಲ್ಫಿಯಾ ಹತ್ತಿರ" ಅನ್ನುತ್ತೇವೆ. ಅದೂ ಗೊತ್ತಾಗದಿದ್ದರೆ "ನ್ಯೂಯಾರ್ಕ್ ಹತ್ತಿರ" ಅಂದು ಮಾತು ಮುಗಿಸುತ್ತೇವೆ. ಇಲ್ಲಿನವರಿಗೆ ಮಾತ್ರ ತಮ್ಮ ರಾಜ್ಯದ ಮೇಲೆ ಬಹಳ ಅಭಿಮಾನ. ಹೊಸಬರು ಸಿಕ್ಕರೆ ಎರಡು ಮಾತು ತಪ್ಪದೆ ಆಡುತ್ತಾರೆ. ಒಂದು, ನಮ್ಮಲ್ಲಿ ಸೇಲ್ಸ್ ಟ್ಯಾಕ್ಸ್ ಇಲ್ಲ. ಇನ್ನೊಂದು, ಸ್ಕ್ರ್ಯಾಪಲ್ ತಿಂದಿದ್ದೀರಾ? ಸ್ಕ್ರ್ಯಾಪಲ್ ನಮ್ಮದು ಅಂತ ಪಕ್ಕದ ಪೆನ್ಸಿಲ್ವೇನಿಯಾದವರು ಜಗಳಕ್ಕೆ ನಿಲ್ಲುತ್ತಾರೆ. ನ್ಯಾಯ ಅವರ ಕಡೆಗೇ ಇದೆ ಅನ್ನಿ.

ಜರ್ಮನಿಯಿಂದ ವಲಸೆ ಬಂದು ಪೆನ್ಸಿಲ್ವೇನಿಯಾದಲ್ಲಿ ನೆಲೆ ನಿಂತ ರೈತರ ತಿಂಡಿ ಇದು. ಅವರು ಇದನ್ನು ಪಾನ್‌ಹಾಸ್ ಅನ್ನುತ್ತಿದ್ದರು. ಚಳಿಗಾಲದ ಬಾಯಿಗೆ ಹಂದಿ ಕಡಿಯುತ್ತಿದ್ದರು. ಒಳ್ಳೆಯ ಭಾಗವೆಲ್ಲ ಹ್ಯಾಮ್, ಸಾಸೇಜಿಗೆ ಹೋಗುತ್ತಿತ್ತು. ಉಳಿದ ತಲೆ, ಲಿವರ್, ಹೃದಯ, ಚೂರುಪಾರು ಎಲ್ಲ ಮೂಳೆ ಸಮೇತ ಹಂಡೆಗೆ. ಮಾಂಸ ಮೂಳೆ ಬಿಡುವ ತನಕ ಬೇಯಿಸಿ, ಸಣ್ಣಗೆ ಕೊಚ್ಚಿ, ಅದೇ ಸಾರಿಗೆ ಮೆಕ್ಕೆಜೋಳದ ಹಿಟ್ಟು, ಬಕ್‌ವೀಟ್ ಹಿಟ್ಟು, ಮೆಣಸು, ಸೇಜ್ ಸೊಪ್ಪು ಹಾಕಿ ಗಟ್ಟಿಯಾಗುವವರೆಗೆ ತಿರುವಬೇಕು. ಅಚ್ಚಿಗೆ ಸುರಿದು ತಣ್ಣಗಾದ ಮೇಲೆ ಇಟ್ಟಿಗೆಯ ಆಕಾರ ಬರುತ್ತದೆ. ಬೆಳಿಗ್ಗೆ ಎದ್ದು ಬೇಕಾದಷ್ಟು ಕತ್ತರಿಸಿ ಹುರಿದುಕೊಳ್ಳುವುದು. ಹಂದಿಯಲ್ಲಿ ಅದರ ಕೂಗು ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಇದರಲ್ಲಿದೆ ಅಂತ ಇಲ್ಲಿಯ ಹಳೆಯ ತಮಾಷೆ.

"ತಿನ್ನು, ತುಂಬಾ ಚೆನ್ನಾಗಿರುತ್ತೆ. ಪ್ಯಾಕೆಟ್ ಹಿಂದೆ ಮಾತ್ರ ಓದಬೇಡ" ಅಂದಳು ಆಫೀಸಿನ ಗೆಳತಿ. ನನಗೆ ಓದುವ ಚಟ ಇಲ್ಲ. ನಮ್ಮನೆಯವರಿಗೆ ಇದೆ. ಶಾಂಪೂ ಬಾಟಲಿಯ ಹಿಂದಿರುವುದನ್ನೂ ಓದಿ ಮುಗಿಸಿ ಸ್ನಾನಕ್ಕೆ ಇಳಿಯುವ ಜೀವ ಅದು. ಸೂಪರ್ ಮಾರ್ಕೆಟ್ಟಿನಲ್ಲಿ ಬೇಕನ್ ಪಕ್ಕದಲ್ಲೇ ಈ ಬೂದು ಇಟ್ಟಿಗೆಗಳನ್ನು ಜೋಡಿಸಿಟ್ಟಿದ್ದರು. ಒಂದನ್ನು ಎತ್ತಿ ತಿರುಗಿಸಿದರು. ಹಂದಿ ಸಾರು, ಹಂದಿ ಲಿವರ್, ಹಂದಿ ಕೊಬ್ಬು, ಹಂದಿ ಮೂತಿ… ಅಲ್ಲಿಗೆ ನಿಂತರು.

"ಮೂತಿ ಅಂತೆ ಕಣೇ."

ನಾನು ಸಕಲೇಶಪುರದ ಕಡೆಯವಳು. ಹಂದಿ ಫ್ರೈ, ಅಕ್ಕಿ ರೊಟ್ಟಿ ತಿಂದು ಬೆಳೆದವಳು, ಮೂತಿಗೆಲ್ಲ ಹೆದರುವುದಿಲ್ಲ. ಇವರು ಮಂಡ್ಯದವರು. ಬೋಟಿ ಗೊಜ್ಜಿಗೆ ಎರಡನೇ ಸಲ ತಟ್ಟೆ ಚಾಚುವ ಮನುಷ್ಯ. ಕುರಿ ತಲೆ ಮಾಂಸ ಅಂದರೆ ಭಾನುವಾರ ಆರು ಗಂಟೆಗೇ ಚೀಲ ಹಿಡಿದು ಹೊರಡುತ್ತಿದ್ದವರು. ಕುರಿಗೂ ಮೂತಿ ಇರುತ್ತದೆ ಅನ್ನುವುದು ಇವರಿಗೆ ಆವತ್ತೇ ಹೊಳೆದ ಹಾಗಿತ್ತು. ನಾನು ಏನೂ ಅನ್ನದೆ ಇಟ್ಟಿಗೆಯನ್ನು ಗಾಡಿಯೊಳಗೆ ಹಾಕಿದೆ.

ಅದನ್ನು ಹುರಿಯುವ ಮೊದಲು ಒಂದು ಡೈನರ್‌ನಲ್ಲಿ ತಿಂದು ನೋಡೋಣ, ಆಮೇಲೆ ಮನೆಯಲ್ಲಿ ಮಾಡಿದರಾಯಿತು ಅಂತ ಒಪ್ಪಂದವಾಯಿತು. ಬಡಿಸುವ ಹೆಂಗಸು ಕಾಫಿ ಸುರಿಯುತ್ತಾ "ಗರಿಗರಿನಾ, ಮೆತ್ತಗಾ?" ಅಂತ ಕೇಳಿದರು. ನಾವು ಉತ್ತರ ಕೊಡುವ ಮೊದಲೇ ಕೌಂಟರಿನಲ್ಲಿ ಕೂತಿದ್ದ ತಾತ ಒಬ್ಬರು "ಗರಿಗರಿ" ಅಂದುಬಿಟ್ಟರು. ಅವರ ಪಕ್ಕದ ತಾತ "ಸಿರಪ್ ಹಾಕ್ಕೊಳ್ಳಿ" ಅಂದರು. ಮೊದಲನೆಯವರು ಕಾಫಿ ಲೋಟ ಕೆಳಗಿಟ್ಟರು. "ಕೆಚಪ್" ಅಂದರು. ಅಲ್ಲಿಂದ ಶುರುವಾಯಿತು ನೋಡಿ. ಮೇಪಲ್ ಸಿರಪ್ ಸುರಿಯುವವರು ಚಿಕ್ಕ ಮಕ್ಕಳು, ಕೆಚಪ್ ಹಾಕುವವರಿಗೆ ನಾಲಿಗೆಯೇ ಇಲ್ಲ, ಆಪಲ್ ಬಟರ್ ಹಚ್ಚುವವರು ಬೇರೆಯೇ ಜಾತಿ. ಸಾಂಬಾರಿಗೆ ಬೆಲ್ಲ ಹಾಕಬೇಕಾ ಬೇಡವಾ ಅನ್ನುವ ಜಗಳ ಕೇಳುತ್ತಾ ಬೆಳೆದ ನಮಗೆ ಒಂಥರಾ ಊರಿಗೇ ಬಂದ ಹಾಗಾಯಿತು. ನಮ್ಮ ತಟ್ಟೆ ಬಂದಾಗ ಇಬ್ಬರೂ ಮಾತು ನಿಲ್ಲಿಸಿ ನಮ್ಮ ಕೈಯನ್ನೇ ನೋಡುತ್ತಿದ್ದರು. ಯಾರ ಕಡೆಗೂ ವಾಲದೆ ಹಾಗೇ ಒಂದು ತುಂಡು ಬಾಯಿಗಿಟ್ಟೆ. ಹೊರಗೆ ಕಟುಂ ಅಂತು. ಒಳಗೆ ಬೆಣ್ಣೆಯಷ್ಟು ಮೃದು. ಮೊದಲು ಮೆಣಸಿನ ಖಾರ, ಆಮೇಲೆ ಸೇಜ್ ವಾಸನೆ, ಕೊನೆಗೆ ಸಣ್ಣಗೆ ಲಿವರ್ ರುಚಿ. ನಮ್ಮನೆಯವರು ಮೂತಿಯ ವಿಷಯ ಎತ್ತಲೇ ಇಲ್ಲ. ನನ್ನ ತಟ್ಟೆಯಲ್ಲಿದ್ದುದರ ಮೇಲೂ ಕಣ್ಣು ಹಾಕಿದರು.

ಕಷ್ಟ ಶುರುವಾಗಿದ್ದು ಮನೆಯಲ್ಲಿ.

ಸ್ಕ್ರ್ಯಾಪಲ್ ಹುರಿಯುವುದಕ್ಕೆ ವಿದ್ಯೆ ಏನೂ ಬೇಕಾಗಿಲ್ಲ. ಅರ್ಧ ಇಂಚು ದಪ್ಪ ಕತ್ತರಿಸಿ, ಹದ ಉರಿಯಲ್ಲಿ ಬಾಣಲೆಗೆ ಹಾಕಿ, ಸುಮ್ನೆ ಇರಬೇಕು. ಅಷ್ಟೇ. ಆ ಸುಮ್ನೆ ಇರುವುದು ಇದೆಯಲ್ಲ, ಅದು ನಮ್ಮನೆಯವರ ಜಾತಕದಲ್ಲೇ ಇಲ್ಲ. ದೋಸೆ ಹುಯ್ದ ಕೂಡಲೇ ಅಂಚು ಎತ್ತಿ ನೋಡುತ್ತಾರೆ. ಚಪಾತಿಯನ್ನು ಒತ್ತಿ ಒತ್ತಿ ಸುಸ್ತು ಮಾಡುತ್ತಾರೆ. "ನಾನೇ ಮಾಡ್ತೀನಿ, ನೀನು ಕೂತ್ಕೋ" ಅಂದಾಗಲೇ ನನಗೆ ಅನುಮಾನ ಇತ್ತು.

ಇಟ್ಟಿಗೆ ಗಟ್ಟಿಯಾಗಿ ನಿಲ್ಲುವುದು ಹಿಟ್ಟಿನಿಂದ, ಜೊತೆಗೆ ಮೂಳೆ ಬೆಂದಾಗ ಬಿಟ್ಟ ಅಂಟಿನಿಂದ. ಬಿಸಿ ತಗುಲಿದ ತಕ್ಷಣ ಆ ಅಂಟು ಕರಗುತ್ತದೆ. ಹಿಟ್ಟು ಕೆಂಪಗಾಗಿ ಕೆಳಗೆ ಪದರ ಕಟ್ಟಲು ಎಂಟು ಹತ್ತು ನಿಮಿಷವಾದರೂ ಬೇಕು. ಈ ನಡುವಿನ ಹೊತ್ತಿನಲ್ಲಿ ಅದಕ್ಕೆ ಮೈಯಲ್ಲಿ ತ್ರಾಣವೇ ಇರುವುದಿಲ್ಲ. ಸರಿಯಾಗಿ ಆ ಹೊತ್ತಿಗೆ ಇವರು "ಕೆಳಗೆ ಏನಾಗಿದೆ ನೋಡೋಣ" ಅಂತ ಮೊಗಚೋಕೈ ತೂರಿಸಿದರು. ಮೂಲೆ ಕಳಚಿತು. ಅದನ್ನು ಸರಿ ಮಾಡಲು ಒತ್ತಿದರು. ನಡುವೆ ಬಿರುಕು ಬಿಟ್ಟಿತು. ಬಿರುಕು ಮುಚ್ಚಲು ಮಗುಚಿದರು. ಆಮೇಲೆ ಮಗುಚಲು ಏನೂ ಉಳಿಯಲಿಲ್ಲ. ಬಾಣಲೆ ತುಂಬಾ ಬೂದು ಬಣ್ಣದ ಪೇಸ್ಟು. ತಳ ಹಿಡಿದು ಹೊಗೆ ಎದ್ದು ಅಲಾರಂ ಬಡಿದುಕೊಳ್ಳತೊಡಗಿತು. ಇವರು ಟವೆಲ್ ಬೀಸುತ್ತಾ "ಉರಿ ಜಾಸ್ತಿ ಇಟ್ಟಿದ್ದೆ ನೀನು" ಅಂದರು. ನಾನು ಸೋಫಾದಲ್ಲಿದ್ದೆ.

ಮುಂದಿನ ಶನಿವಾರ ಮತ್ತೆ ಇಟ್ಟಿಗೆ ಬಂತು. ನಾನು ಕತ್ತರಿಸಿ ತಟ್ಟೆಯಲ್ಲಿ ಸಾಲಾಗಿ ಇಟ್ಟಿದ್ದೆ. ಪಕ್ಕದ ಮನೆಗೆ ಬಂದಿದ್ದ ಶಿವಮೊಗ್ಗದ ಅಜ್ಜಿ ಬಟ್ಟಲು ಹಿಡಿದು ಹೆಪ್ಪು ಕೇಳಲು ಬಂದರು. ಶುದ್ಧ ಸಸ್ಯಾಹಾರಿ, ಈರುಳ್ಳಿಗೂ ದಿನ ನೋಡುವವರು. ತಟ್ಟೆ ಕಂಡು ಮುಖ ಅರಳಿತು.

"ರಾಗಿ ಹಾಲ್ಬಾಯಿ! ಈ ದೇಶದಲ್ಲಿ ಯಾರೇ ಮಾಡಿದ್ದು? ಏಲಕ್ಕಿ ಹಾಕಿದೀಯಾ?"

ಹೌದಲ್ಲ! ಅದೇ ಬಣ್ಣ, ಅದೇ ನುಣುಪು, ಚೂರಿ ಹೋದ ಕಡೆ ಅದೇ ಹೊಳಪು. ಅಜ್ಜಿಯ ಕೈ ಅರ್ಧ ದಾರಿ ಬಂದಿತ್ತು. ನನಗೆ ಗಂಟಲೇ ಏಳಲಿಲ್ಲ. ನಮ್ಮನೆಯವರು ಮಾತ್ರ ನಡುಮನೆಯಿಂದಲೇ ಕೂಗಿದರು, "ಅಮ್ಮಾ, ಹಂದಿ!"

ಅಜ್ಜಿ ಮೊದಲು ನೆಲ ನೋಡಿದರು, ಹಂದಿ ನುಗ್ಗಿ ಬಂತೇನೋ ಅಂತ. ಆಮೇಲೆ ತಟ್ಟೆ ನೋಡಿದರು. ಕೈ ಹಿಂದಕ್ಕೆ ಹೋಯಿತು. ಸೆರಗು ಮೂಗಿಗೆ ಬಂತು. ಇನ್ನು ಈ ಜನ್ಮದಲ್ಲಿ ನಮ್ಮ ಮನೆಯ ಹೆಪ್ಪು ಮುಟ್ಟುವುದಿಲ್ಲ ಅಂದುಕೊಂಡೆ. ಆದರೆ ಅಜ್ಜಿ ಹೋಗಲಿಲ್ಲ. ಅಡುಗೆಮನೆಯ ಬಾಗಿಲಿನಾಚೆ ನಿಂತು, "ಅಲ್ವೇ, ಅದು ಹೀಗೆ ಗಟ್ಟಿಯಾಗೋದು ಹೇಗೆ?" ಅಂತ ಕೇಳಿದರು. ಹಿಟ್ಟು, ತಿರುವುವುದು, ಅಚ್ಚಿಗೆ ಸುರಿಯುವುದು, ಎಲ್ಲ ಹೇಳಿದೆ. ಮಾಂಸದ ಭಾಗ ಹಾರಿಸಿ ಹೇಳಿದೆ. "ತಳ ಬಿಡೋ ತನಕ ಕೈ ಬಿಡದೆ ತಿರುವಬೇಕು ತಾನೇ? ಹಂಗಾದ್ರೆ ಅವರೂ ಹಾಲ್ಬಾಯಿನೇ ಮಾಡಕ್ಕೆ ಹೊರಟಿದ್ದು. ಬೆಲ್ಲ ಸಿಕ್ಕಿಲ್ಲ ಪಾಪ."

ಅಷ್ಟರಲ್ಲಿ ನಮ್ಮನೆಯವರು ತುಂಡುಗಳನ್ನು ಬಾಣಲೆಗೆ ಹಾಕಿ ಮೊಗಚೋಕೈ ಎತ್ತಿಕೊಂಡಿದ್ದರು.

"ಏ ಹುಡುಗಾ, ಅದನ್ನ ಕೆಳಗಿಡು."

"ಸುಮ್ನೆ ನೋಡ್ತಿದ್ದೆ ಅಮ್ಮಾ, ಕೆಳಗೆ…"

"ಮುಟ್ಟಬೇಡ ಅಂದ್ರೆ ಮುಟ್ಟಬೇಡ. ಕಾವಲಿ ಅದೇ ಬಿಡುತ್ತೆ. ಸದ್ದು ಕೇಳು. ಈಗ ಚೊರಚೊರ ಅಂತಿದೆ, ನೀರಿದೆ ಇನ್ನೂ. ಸದ್ದು ಇಳೀಲಿ."

ಜನ್ಮದಲ್ಲಿ ಮೊಟ್ಟೆ ಒಡೆಯದ ಅಜ್ಜಿ, ಮೂಗಿಗೆ ಸೆರಗು ಹಿಡಿದು, ಬಾಣಲೆ ಕಾಣದ ಜಾಗದಲ್ಲಿ ನಿಂತು, ಬರೀ ಸದ್ದಿನ ಮೇಲೆ ಡೆಲವೇರಿನ ಹಂದಿ ಹುರಿಸಿದರು. ನಮ್ಮನೆಯವರು ಕೈ ಕಟ್ಟಿ ನಿಂತಿದ್ದರು, ಕ್ಲಾಸಿನಲ್ಲಿ ಹೊರಗೆ ನಿಲ್ಲಿಸಿದ ಹುಡುಗನ ಮುಖ. ಅಂಚಿನಲ್ಲಿ ಕೊಬ್ಬು ಸಣ್ಣಗೆ ಗುಳ್ಳೆ ಎದ್ದು ಕಂದು ಗೆರೆ ಕಟ್ಟಿತು. ಸದ್ದು ಇಳಿಯಿತು. "ಹ್ಞೂಂ, ಈಗ" ಅಂದರು ಅಜ್ಜಿ. ಮೊಗಚೋಕೈ ತಾಗಿಸಿದ್ದಷ್ಟೇ, ತುಂಡು ತಾನಾಗಿ ಜಾರಿತು. ಒಂದು ಮೂಲೆಯೂ ಮುರಿದಿರಲಿಲ್ಲ.

ಅಜ್ಜಿ ಹೆಪ್ಪು ಬೇಡ ಅಂದರು. ಯಾಕೆ ಅಂತ ನಾವು ಕೇಳಲಿಲ್ಲ.

ಸಂಜೆ ವಿಡಿಯೋ ಕಾಲ್‌ನಲ್ಲಿ ಅಮ್ಮನಿಗೆ ತೋರಿಸಿದೆ. ತಲೆ ಮಾಂಸಕ್ಕೆ ಹಿಟ್ಟು ಬೆರೆಸುವುದು ಅಂದ ತಕ್ಷಣ ಅಮ್ಮನ ಮುಖ ಕಿವುಚಿತು. "ಮಾಂಸ ಕಮ್ಮಿ ಬಿದ್ದಿತ್ತಾ? ಸ್ವಲ್ಪ ಕಾಚಂಪುಳಿ ಬಿಡೇ, ಸರಿಹೋಗುತ್ತೆ." ಕೊಡಗಿನಿಂದ ತಂದ ಬಾಟಲಿ ತಳದಲ್ಲಿ ಚೂರು ಉಳಿದಿತ್ತು. ಎರಡು ಹನಿ ಬಿಟ್ಟೆ. ಆ ಕಪ್ಪು ಹುಳಿ ಲಿವರ್ ರುಚಿಯ ಜೊತೆ ಎಷ್ಟು ಚೆನ್ನಾಗಿ ಹೊಂದಿತು ಅಂದರೆ, ಡೈನರ್‌ನ ತಾತಂದಿರಿಗೆ ಹೇಳಿ ಜಗಳಕ್ಕೆ ಇನ್ನೊಂದು ಪಕ್ಷ ಕಟ್ಟೋಣ ಅನಿಸಿತು.

ಹೀಗೆ ರುಚಿ ಹತ್ತಿದ ಮೇಲೆ ಅಕ್ಟೋಬರಿನಲ್ಲಿ ಬ್ರಿಡ್ಜ್‌ವಿಲ್‌ಗೆ ಹೋಗದೆ ಇರುತ್ತೇವಾ? ರಾಜ್ಯದ ದಕ್ಷಿಣಕ್ಕಿರುವ ಚಿಕ್ಕ ಊರು. ರಾಲ್ಫ್, ಪಾಲ್ ಅನ್ನುವ ಆಡಮ್ಸ್ ಅಣ್ಣತಮ್ಮಂದಿರು 1926ರಲ್ಲಿ ಅಲ್ಲಿ ರಾಪಾ ಸ್ಕ್ರ್ಯಾಪಲ್ ಶುರು ಮಾಡಿದರು. 1992ರಿಂದ ಅಲ್ಲಿ ಆಪಲ್-ಸ್ಕ್ರ್ಯಾಪಲ್ ಜಾತ್ರೆ ನಡೆಯುತ್ತದೆ. ತೇರು ಒಂದಿಲ್ಲ, ಮಿಕ್ಕಿದ್ದೆಲ್ಲ ಇದೆ. ಹಂದಿ ಕರೆಯುವ ಸ್ಪರ್ಧೆಯೂ ಇದೆ. ಮೈಕ್ ಹಿಡಿದು, ಹೊಲದಾಚೆ ಇರುವ ಹಂದಿಯನ್ನು ಕರೆಯುವ ಹಾಗೆ ಕೂಗಬೇಕು. ಈ ರಾಜ್ಯದ ಒಂದು ಬಿಯರ್ ಕಂಪನಿಯಂತೂ ಸ್ಕ್ರ್ಯಾಪಲ್ ಹಾಕಿಯೇ ಬಿಯರ್ ಮಾಡಿತ್ತು. ಅದರ ಮೇಲೆ ನಮ್ಮನೆಯವರಿಗೆ ಬಹಳ ಗೌರವ.

ಹೆಂಗಸರಿಗೆ ಬೇರೆ ಸ್ಪರ್ಧೆ. ಕಬ್ಬಿಣದ ಬಾಣಲೆ ಎಸೆಯುವುದು. ಬೋರ್ಡ್ ಓದಿದ್ದು ಎಂದಿನಂತೆ ಇವರೇ. ಓದಿ ನನ್ನ ಕಡೆ ತಿರುಗಿದರು.

"ನೀನು ಎಷ್ಟು ದೂರ ಎಸೀಬಹುದು?"

"ಆ ತುದಿಯಲ್ಲಿ ಯಾರು ನಿಂತಿರ್ತಾರೆ ಅನ್ನೋದರ ಮೇಲೆ ಹೋಗುತ್ತೆ ರೀ" ಅಂದೆ.